ನಾನೇ ಬರೆದುಕೊಟ್ಟ ಭಾಷಣ

ಇಂಡಿ ಊರಿನ ತವರುಮನೆಗೆ ಹೋದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇಷ್ಟು ವರ್ಷ ಕರಾಟೆ ಕಲತಿ, ಯಾರಿಗರ ಹೊಡದೀಯೇನವ್ವಾ?" ಇಲ್ಲ ಅಂದರೆ ಅವರ ಮುಖ ಸಪ್ಪಗಾಗುತ್ತದೆ. ಇಪ್ಪತ್ತೈದು ವರ್ಷ ಇದೇ ಉತ್ತರ ಕೊಟ್ಟು ನನಗೂ ಸಾಕಾಗಿದೆ.

ನಾನು ಕಲಿಸುವುದು ಸಿಂದಗಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ, ಸಂಜೆ ಶಾಲೆ ಬಿಟ್ಟ ಮೇಲೆ ಒಂದು ತಾಸು. ಕನ್ನೊಳ್ಳಿಯಿಂದ ಬರುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎಲ್ಲರಿಗಿಂತ ಮುಂದು. ಅಂಥವಳು ಸಿಗುವುದು ಅಪರೂಪ. ಅವಳ ಅಜ್ಜ ಒಂದು ದಿನ ಶಾಲೆಗೇ ಬಂದು ಕೂತರು. ಪ್ರಾಯದಲ್ಲಿ ಕುಸ್ತಿ ಆಡಿದವರು, ಹಿಡಿತಕ್ಕೆ ಸಿಕ್ಕು ಜಜ್ಜಿದ ಕಿವಿಗಳು ಇನ್ನೂ ಮುದುಡಿಕೊಂಡೇ ಇವೆ.

"ತಾಲೀಮಿನ್ಯಾಗ ನಾ ಭಾಳ ಮಂದೀನ್ನ ನೋಡೇನ್ರಿ ಅಕ್ಕೋರ. ಎರಡು ಡಾವು-ಪಟ್ಟು ಕಲತ್ರ ಸಾಕು, ಸಂತ್ಯಾಗ ಜಗಳಾ ಹುಡುಕ್ಕೋತ ಅಡ್ಡಾಡ್ತಾರ. ನಮ್ಮ ಹುಡುಗಿ ಹಂಗ ಆಗೂದು ಬ್ಯಾಡ. ಒಮ್ಮೆ ಕಣ್ಣಾರೆ ನೋಡ್ತೇನಿ. ಸರಿ ಅನಸಲಿಲ್ಲಂದ್ರ ಬಿಡಸ್ತೇನಿ."

ನ್ಯಾಯವಾದ ಮಾತು. ಶಾಲೆಯ ಕಾರ್ಯಕ್ರಮದ ದಿನ ಬನ್ನಿ, ಎರಡು ಗಂಟೆಗೆ ಪ್ರದರ್ಶನ ಇದೆ ಎಂದೆ. ನಾಲ್ಕೂವರೆ ಬಸ್ಸಿಗೆ ಹೋಗಲೇಬೇಕು, ಎಮ್ಮೆ ತಮ್ಮ ಕೈ ಬಿಟ್ಟು ಬೇರೆಯವರಿಗೆ ಹಾಲು ಕೊಡುವುದಿಲ್ಲ ಎಂದರು. ಎರಡೂವರೆ ತಾಸು ಇದೆಯಲ್ಲ, ಧಾರಾಳವಾಯಿತು ಎಂದುಕೊಂಡೆ. ನಮ್ಮ ಕಡೆಯ ಕಾರ್ಯಕ್ರಮಗಳನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಆದರೂ ಹಾಗೆಂದುಕೊಂಡೆ.

ಮುಖ್ಯ ಅತಿಥಿಗಳು ಬಾಗೇವಾಡಿಯಲ್ಲಿ ಇನ್ನೊಂದು ವೇದಿಕೆ ಮುಗಿಸಿಕೊಂಡು ಬಂದಾಗ ಗಂಟೆ ಮೂರೂಕಾಲು. ಆಮೇಲೆ ಸತ್ಕಾರ. ವೇದಿಕೆಯ ಮೇಲೆ ಹದಿನಾಲ್ಕು ಕುರ್ಚಿ, ಹದಿನಾಲ್ಕು ಶಾಲು, ಹದಿನಾಲ್ಕು ಹಾರ. ಒಬ್ಬರ ಹೆಸರು ಬಿಟ್ಟುಹೋಯಿತೆಂದು ಹದಿನೈದನೆಯ ಕುರ್ಚಿಯೂ ಬಂತು. ಬಿಳಿ ಉಡುಪಿನ ನನ್ನ ಮಕ್ಕಳು ಬಿಸಿಲಿಗೆ ಕಾದ ಕಟ್ಟೆಯ ಮೇಲೆ ಬರಿಗಾಲಲ್ಲಿ ಕೂತಿದ್ದರು. ಕನ್ನೊಳ್ಳಿಯ ಹುಡುಗಿಯನ್ನು ಮಾತ್ರ, ನೆಟ್ಟಗೆ ನಡೆಯುತ್ತಾಳೆ ಎಂಬ ಕಾರಣಕ್ಕೆ, ಹಾರದ ತಾಟು ಹಿಡಿಯಲು ಕರೆದೊಯ್ದಿದ್ದರು. ಮೊಮ್ಮಗಳ ವಿದ್ಯೆ ನೋಡಲು ಬಂದ ಅಜ್ಜ ಹದಿನೈದು ಸಲ ತಾಟು ನೋಡಿದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಭಾಷಣ. ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಹಿಂದಿನ ವಾರ ಮುಖ್ಯೋಪಾಧ್ಯಾಯರು, "ಸಾಹೇಬ್ರಿಗೆ ಓದಾಕ ಕರಾಟೆ ಮ್ಯಾಲ ಒಂದು ಪುಟ ಬರದುಕೊಡ್ರಿ" ಎಂದಿದ್ದರು. ನಾನು ನಾಲ್ಕು ಪುಟ ಬರೆದಿದ್ದೆ. ಗೊತ್ತಿದ್ದದ್ದನ್ನೆಲ್ಲ ತೋರಿಸಿಕೊಳ್ಳುವ ಚಟ, ಇನ್ನೇನು? ಒಕಿನಾವಾ ಎಂಬ ದ್ವೀಪ, ಅಲ್ಲಿಯವರ ಕೈವರಸೆ, ಚೀನಾಕ್ಕೆ ಹೋಗಿಬಂದವರು ತಂದು ಬೆರೆಸಿದ್ದು, ಜಪಾನಿನ ಶಾಲೆಗಳಿಗೆ ಅದು ವ್ಯಾಯಾಮವಾಗಿ ಹೊಕ್ಕದ್ದು, ಹೀಗೆ ಮೂರು ಪುಟ ಬರೀ ಹುಟ್ಟಿನ ವಿಚಾರ. ನಮ್ಮ ದಕ್ಷಿಣದ ಭಿಕ್ಷುವೊಬ್ಬ ಚೀನಾಕ್ಕೆ ಹೋಗಿ ಕಲಿಸಿದನೆಂಬ ಕಥೆಯನ್ನೂ ಒಂದು ಸಾಲಿನಲ್ಲಿ ಹಾಕಿ, ಇದಕ್ಕೆ ಗಟ್ಟಿ ಪುರಾವೆ ಇಲ್ಲ ಎಂದು ಮುಗಿಸಿದ್ದೆ. ಈ ವಿದ್ಯೆ ಯಾತಕ್ಕೆ ಎನ್ನುವುದು ನಾಲ್ಕನೆಯ ಪುಟದಲ್ಲಿತ್ತು.

ಅತಿಥಿಗಳು ಭಿಕ್ಷುವಿನ ಸಾಲಿಗೆ ಬಂದು ನಿಂತರು. ಪುರಾವೆಯ ಮಾತು ಬಿಟ್ಟೇಬಿಟ್ಟರು. ಹಾಳೆ ಮಡಚಿ, "ಇದು ಮೂಲದಾಗ ನಮ್ದ ವಿದ್ಯಾ ಐತ್ರಿ" ಎಂದು ಶುರು ಮಾಡಿದವರು ಅರ್ಧ ತಾಸಾದರೂ ಚೀನಾದಿಂದ ಈಚೆ ಬರಲಿಲ್ಲ. ಜನ ನಡುನಡುವೆ ಚಪ್ಪಾಳೆ ತಟ್ಟಿದರು. ಯಾವ ವಿದ್ಯೆ ನಮ್ಮದೆಂದು ಅಷ್ಟು ಹೆಮ್ಮೆಪಡುತ್ತಿದ್ದರೋ ಅದನ್ನು ಕಲಿತ ಮಕ್ಕಳು ಅವರ ಎದುರಿಗೇ ತೂಕಡಿಸುತ್ತಿದ್ದರು.

ಗಂಟೆ ನಾಲ್ಕೂಕಾಲಾದಾಗ ಅಜ್ಜ ಎದ್ದು ಹೆಗಲ ಮೇಲಿನ ಟಾವೆಲ್ ಝಾಡಿಸಿದರು. ನಾನು ಓಡಿಹೋದೆ.

"ಇನ್ನೊಂದು ಹತ್ತು ನಿಮಿಷ ಕೂಡ್ರಿ, ಯಜಮಾನ್ರ."

"ಬಸ್ಸು ನನಗ ಕಾಯತೈತೇನ್ರಿ? ನೋಡಿದ್ನಲ್ರಿ, ಸಾಕು. ತಾಟು ಹಿಡಿಯೂದು ಮನ್ಯಾಗೂ ಕಲೀತಾಳ."

ಅವರು ಗೇಟು ದಾಟಿದರು. ಮುಖ್ಯೋಪಾಧ್ಯಾಯರು ವೇದಿಕೆಯಿಂದ ಕಣ್ಣಲ್ಲೇ ನನ್ನನ್ನು ಗದರಿಸುತ್ತಿದ್ದರು, ಅತಿಥಿ ಮಾತಾಡುವಾಗ ಎದ್ದು ಓಡಾಡಬಾರದು. ನಾನು ಸೀದಾ ವೇದಿಕೆಗೆ ಹೋಗಿ, ಇನ್ನೂ ಅಲ್ಲೇ ನಿಂತಿದ್ದ ಹುಡುಗಿಯ ಕೈಯಿಂದ ಖಾಲಿ ತಾಟು ಕಸಿದುಕೊಂಡು ಹದಿನೈದನೆಯ ಕುರ್ಚಿಯವರ ತೊಡೆಯ ಮೇಲಿಟ್ಟೆ. "ನಡಿ" ಎಂದೆ.

ಬಸ್ ಸ್ಟ್ಯಾಂಡಿನಲ್ಲಿ ಕನ್ನೊಳ್ಳಿಯ ಬಸ್ಸು ಆಗಲೇ ಬಂದು ನಿಂತಿತ್ತು. ಅಜ್ಜ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದರು.

"ಮುತ್ಯಾ, ಒಂದ ನಿಮಿಷ ನಿಂದ್ರು" ಎಂದಳು ಹುಡುಗಿ. ಅಲ್ಲೇ ಪ್ಲಾಟ್‌ಫಾರ್ಮಿನ ಮೇಲೆ ಪಾದ ಜೋಡಿಸಿ, ತಲೆಬಾಗಿ, ಮೊದಲ ಕಟಾ ಶುರು ಮಾಡಿದಳು. ಕಟಾ ಅಂದರೆ ಸುತ್ತ ವೈರಿಗಳಿದ್ದಾರೆಂದುಕೊಂಡು ಒಬ್ಬರೇ ಮಾಡುವ ವರಸೆ. ಚೀಲ ಹೊತ್ತ ಹೆಂಗಸರು ಸರಿದು ಜಾಗ ಬಿಟ್ಟರು. ಎಡಕ್ಕೆ ತಿರುಗಿ ಮುಂಗೈಯಿಂದ ಕೆಳಗೆ ಅಡ್ಡ ಹಿಡಿದಳು, ಆಮೇಲೆ ಒಂದು ಗುದ್ದು. ಹಿಂದಕ್ಕೆ ತಿರುಗಿದಳು, ಮತ್ತೆ ಅಡ್ಡ ಹಿಡಿದಳು.

ಅಜ್ಜ ಕಾಲು ಕೆಳಗಿಳಿಸಿದರು. ಅವರ ಕಣ್ಣು ಅವಳ ಪಾದದ ಮೇಲಿತ್ತು.

"ಅಲ್ಲವ್ವಾ, ಹೊರಳಿದಾಗೊಮ್ಮೆ ಮೊದಲ ತಡೀತಿಯಲ್ಲ. ಹೊಡಿಯೂದು ಮೊದಲ ಎಲ್ಲಿ ಬರತೈತಿ?"

"ಎಲ್ಲೂ ಬರೂದಿಲ್ಲ, ಮುತ್ಯಾ. ಅವರು ಬಂದ್ರ ತಡಿಯೂದು. ತಡದ ಮ್ಯಾಲ ಹೊಡಿಯೂದು."

ನನ್ನ ನಾಲ್ಕನೆಯ ಪುಟದಲ್ಲಿ ಇದ್ದದ್ದು ಅಷ್ಟೇ. ಅದನ್ನು ಹೇಳಲು ನನಗೆ ಒಂದು ಪುಟ ಬೇಕಾಗಿತ್ತು.

ಕಂಡಕ್ಟರ್ ಬಾಗಿಲು ಬಡಿದ. "ಏ ಯಜಮಾನಾ, ಬರ್ತೀಯೋ ಇಲ್ಲೋ?"

"ನೀ ನಡಿಯೋ ತಮ್ಮಾ. ನಾ ಹಿಂದ ಬರೂ ಗಾಡಿಗೆ ಬರ್ತೇನಿ."

ಬಸ್ಸು ಧೂಳೆಬ್ಬಿಸಿ ಹೋಯಿತು. ಹುಡುಗಿ ಗಾಬರಿಯಾದಳು. "ಮುತ್ಯಾ, ಎಮ್ಮಿ?"

ಅಜ್ಜ ಕಲ್ಲಿನ ಬೆಂಚಿನ ಮೇಲೆ ಕೂತು ಟಾವೆಲನ್ನು ತೊಡೆಯ ಮೇಲೆ ಹಾಕಿಕೊಂಡರು.

"ಒಂದಿನ ಒದರಲಿ ತಗೋ. ಆ ಎಡಗಾಲು ಇನ್ನಷ್ಟು ಊರು. ಮತ್ತ ಮಾಡು, ಮೊದಲಿನಿಂದ."