ಮುರಿದಾಗ ಮಾತ್ರ ನೆನಪಾಗುವ ಕೈ

ಬೆಳಕು ಹರಿಯುವ ಮುಂಚೆಯೇ ಒಡವೆ ಅಂಗಡಿಯ ಹಿಂಬಾಗಿಲು ತೆರೆಯುತ್ತದೆ. ಒಳಗೆ ಬಂದ ಅಕ್ಕಸಾಲಿ ಅತ್ತಿಗೆ ದೀಪ ಹಾಕುವುದಿಲ್ಲ. ಚಿನ್ನ ಎಷ್ಟು ಕೆಂಪಗಾಯಿತು ಎಂಬುದು ಮಬ್ಬಿನಲ್ಲೇ ಸರಿಯಾಗಿ ಕಾಣುವುದು. ಕಣ್ಣು ಮೋಸ ಹೋಗಿ ಒಂದು ಕ್ಷಣ ತಡವಾದರೆ ಉಂಗುರದ ಕಂಬಿ ಕರಗಿ ಗುಂಡಾಗಿಬಿಡುತ್ತದೆ. ಇವತ್ತು ಇಕ್ಕುಳದಲ್ಲಿರುವುದು ನಿಶ್ಚಿತಾರ್ಥದ ಉಂಗುರ. ಕಾಯಿಸುತ್ತಾರೆ, ತಣಿಸುತ್ತಾರೆ, ಬಗ್ಗಿಸುತ್ತಾರೆ. ಗಂಟಿಕ್ಕಿದ ಹುಬ್ಬು ಮಾತ್ರ ಸಡಿಲವಾಗುವುದಿಲ್ಲ.

ಕಳೆದ ತಿಂಗಳು ಒಬ್ಬ ಮದುಮಗಳ ಉಂಗುರ ಅಂಗೈ ಕಡೆ ಸೀಳಿತು. ಹರಳು ಎಲ್ಲೋ ಬಿದ್ದುಹೋಯಿತು. ಕೂದಲೆಳೆಯಷ್ಟು ಸಣ್ಣಗಿದ್ದರೆ ಚೆಂದ ಎಂದು ಅದನ್ನು ಅರದಲ್ಲಿ ಉಜ್ಜಿಸಿದವರು ಅಂಗಡಿಯ ಯಜಮಾನರೇ. "ಬೇಡ ಅಣ್ಣಾ, ಉಳಿಯಲ್ಲ" ಎಂದು ಅತ್ತಿಗೆ ಹೇಳಿದ್ದರು. ಮದುಮಗಳ ತಾಯಿ ಕೂಗಾಡುತ್ತ ಬಂದಾಗ ಯಜಮಾನರು ಬೆರಳು ತೋರಿಸಿದ್ದು ಹಿಂದಿನ ಕೋಣೆಯ ಕಡೆ. ಅತ್ತಿಗೆಯನ್ನು ಕೌಂಟರಿಗೆ ಕರೆಸಿ, ಗಿರಾಕಿಗಳೆಲ್ಲರ ಮುಂದೆ ತಪ್ಪೊಪ್ಪಿಸಿದರು.

"ಇಷ್ಟು ವರ್ಷದಲ್ಲಿ ಮೊದಲ ಸಲ ಆ ಕಡೆ ಹೋಗಿದ್ದೆ. ನಾನು ಮಾಡಿದ ಉಂಗುರ ದೀಪದ ಕೆಳಗೆ ಹೇಗೆ ಹೊಳೀತವೆ ಅಂತ ಅವತ್ತೇ ನೋಡಿದ್ದು. ಬೈಸ್ಕೊಳ್ತಾ ನೋಡಿದೆ."

ಅತ್ತಿಗೆ ಇದನ್ನು ನಗುತ್ತಲೇ ಹೇಳುತ್ತಾರೆ. ಕೇಳಿದವರಿಗೆ ನಗು ಬರುವುದಿಲ್ಲ. ಉಂಗುರಕ್ಕೆ ಮಖಮಲ್ಲಿನ ಹಾಸಿಗೆ. ಮಾಡಿದವರಿಗೆ ಒರಗಲು ಬೆನ್ನಿಲ್ಲದ ಸ್ಟೂಲು, ಹೊಗೆ ಹೋಗಲು ಅಂಗೈಯಗಲದ ಕಿಟಕಿ. ಹೊಳಪೆಲ್ಲ ಅಂಗಡಿಯದು, ಬಿರುಕು ಮಾತ್ರ ಅತ್ತಿಗೆಯದು. ಇದು ಯಾವ ಸೀಮೆಯ ನ್ಯಾಯ?

ಆ ಸ್ಟೂಲು ಮೊದಲು ಅವರ ಗಂಡನದು. ಬೆಂಕಿ ನೋಡಿ ನೋಡಿ ಗಂಡನ ಕಣ್ಣು ಮಂಜಾದಾಗ, ಮನೆಯಲ್ಲಿ ಪಕ್ಕದಲ್ಲೇ ಕೂತು ಕೆಲಸ ಕಲಿತಿದ್ದ ಹೆಂಡತಿ ಬಂದು ಕೂತರು. ಅಂಗಡಿಯವರಿಗೆಲ್ಲ ಅಂದಿನಿಂದ ಅವರು ಅತ್ತಿಗೆ. "ಹೆಂಗಸಿನ ಕೈಲಿ ಬೆಸುಗೆ ನಿಲ್ಲುತ್ತಾ ಅಂತ ನಕ್ಕಿದ್ರು. ಈಗ ಅವರ ಮನೆ ಹೆಂಗಸರ ಬೆರಳಲ್ಲಿ ನಿಂತಿರೋದು ನನ್ನ ಬೆಸುಗೇನೇ." ದಿನಕ್ಕೆ ಆರೇಳು ಉಂಗುರ ಅವರ ಕೈ ದಾಟುತ್ತವೆ. ಸಂಜೆ ಮನೆಗೆ ಹೋದರೆ ಗಂಡನದು ಒಂದೇ ಪ್ರಶ್ನೆ: "ಇವತ್ತು ಯಾರ ಬೆರಳು?"

ಇವತ್ತಿನ ಈ ನಿಶ್ಚಿತಾರ್ಥದ ಉಂಗುರಕ್ಕೂ ಯಜಮಾನರದು ಮೊದಲು ಅದೇ ಅಪ್ಪಣೆ: ತೆಳು ಕಂಬಿ, ಎತ್ತರದ ಹರಳು. ಅತ್ತಿಗೆ ಅರ ಕೆಳಗಿಟ್ಟರು. "ಹುಡುಗೀನ ಇಲ್ಲಿಗೆ ಕರ್ಕೊಂಡು ಬನ್ನಿ ಅಣ್ಣಾ. ಅವಳ ಕೈ ನೋಡದೆ ನಾನು ಮಾಡಲ್ಲ. ಬೇಕಾದ್ರೆ ಬೇರೆಯವರ ಹತ್ರ ಮಾಡಿಸ್ಕೊಳ್ಳಿ." ಮನೆಗೆ ಅವರದೊಂದೇ ದುಡಿಮೆ. ಅದು ಗೊತ್ತಿದ್ದೇ ಹೇಳಿದರು. ಯಜಮಾನರು ಮುಖ ಊದಿಸಿಕೊಂಡೇ, ಕೌಂಟರಿಗೂ ಹಿಂದಿನ ಕೋಣೆಗೂ ನಡುವಿನ ಪರದೆ ಸರಿಸಿ ಹುಡುಗಿಯನ್ನು ಒಳಗೆ ಕಳಿಸಿದರು.

ಹುಡುಗಿ ಬೇಕರಿಯಲ್ಲಿ ಹಿಟ್ಟು ನಾದುವವಳು. ಅತ್ತಿಗೆ ಅವಳು ಕೇಳಿದ ಮಾದರಿಯನ್ನೇ ಹಿತ್ತಾಳೆಯಲ್ಲಿ ಮಾಡಿ, ಗಾಜಿನ ಹರಳು ಕೂರಿಸಿ, ಬೆರಳಿಗೆ ತೊಡಿಸಿದರು. "ನಾಲ್ಕು ದಿನ ಕೆಲಸಕ್ಕೆ ಹಾಕ್ಕೊಂಡು ಹೋಗು ತಾಯಿ." ವಾಪಸು ಬಂದಾಗ ಹರಳಿನ ಬುಡದ ತುಂಬ ಹಿಟ್ಟು, ಕಬ್ಬಿಣದ ತಟ್ಟೆ ಎತ್ತಿ ಎತ್ತಿ ಕಂಬಿ ಮೊಟ್ಟೆಯಾಕಾರಕ್ಕೆ ತಿರುಗಿತ್ತು.

"ಹಿತ್ತಾಳೆ ಗತಿಯೇ ಹೀಗಾದ್ರೆ ಮೆತ್ತನೆ ಚಿನ್ನದ್ದೇನು?" ಎಂದರು ಅತ್ತಿಗೆ.

"ದಪ್ಪ ಮಾಡಿದ್ರೆ ಅಜ್ಜಿ ಉಂಗುರದ ಥರ ಕಾಣುತ್ತಲ್ಲ ಅಕ್ಕಾ?"

"ಅಜ್ಜಿ ಆಗೋವರೆಗೂ ಬೆರಳಲ್ಲಿ ಇರಬೇಕು ತಾನೇ?"

ಹುಡುಗಿ ನಕ್ಕುಬಿಟ್ಟಳು. ಹಾಗಾಗಿಯೇ ಇವತ್ತು ರೂಪುಗೊಳ್ಳುತ್ತಿರುವ ಉಂಗುರ ಬೇರೆ. ಮೇಲಿನಿಂದ ನೋಡಿದರೆ ಸಪೂರ, ದಪ್ಪವೆಲ್ಲ ಆಳದಲ್ಲಿ, ಬೆರಳಿನ ಕಡೆಗಿದೆ. ಸವೆತ ಹೆಚ್ಚಿರುವ ಅಂಗೈ ಕಡೆ ಇನ್ನಷ್ಟು ಗಟ್ಟಿ. ಅಂಚು ದುಂಡಗೆ. ಹರಳು ತಗ್ಗಿ ಕೂತಿದೆ, ಸುತ್ತ ಚಿನ್ನದ ಕಟ್ಟು.

ಮಧ್ಯಾಹ್ನ ಉಂಗುರ ಮುಂದಿನ ಕೌಂಟರಿಗೆ ಹೋಗುತ್ತದೆ. ಪರದೆಯಾಚೆಯಿಂದ ಯಜಮಾನರ ದನಿ ಕೇಳುತ್ತದೆ: "ನೋಡಿ, ಇದು ನಾವೇ ಯೋಚಿಸಿ ಮಾಡಿಸಿದ ಮಾದರಿ!" ಅತ್ತಿಗೆಯ ಕೈಯಲ್ಲಿನ ಅರ ಒಂದು ಗಳಿಗೆ ನಿಲ್ಲುತ್ತದೆ. ಮತ್ತೆ ಮುಂದಿನ ಉಂಗುರವನ್ನು ಉಜ್ಜತೊಡಗುತ್ತದೆ, ಮೊದಲಿಗಿಂತ ಜೋರಾಗಿ.

"ಅಂಗಡಿ ಬೋರ್ಡಿನ ಮೇಲೆ ನನ್ನ ಹೆಸರು ಬೇಡ," ಎನ್ನುತ್ತಾರೆ, ತಲೆಯೆತ್ತದೆ. "ಮುರಿದಾಗ ಕರೆಯೋರು ಅಳತೆ ತಗೊಳ್ಳುವಾಗಲೂ ಕರೀಲಿ. ಅಷ್ಟಾದ್ರೆ ಮುರಿದಾಗ ಕರೆಯೋ ಕೆಲಸಾನೇ ಇರಲ್ಲ."