ಭಾವನ ಬೆಳಕಿನ ಮೀಟರು

ಸವಣೂರಿನಲ್ಲಿ ನಮ್ಮ ಭಾವ ಫೋಟೋ ಸ್ಟುಡಿಯೋ ಮುಚ್ಚಿ ಬಹಳ ವರ್ಷವಾಯಿತು. ಉಳಿದದ್ದು ರೋಲು ಹಾಕುವ ಒಂದು ಕ್ಯಾಮೆರಾ, ಅಂಗೈಯಷ್ಟಗಲದ ಒಂದು ಬೆಳಕಿನ ಮೀಟರು. ಅದಕ್ಕೆ ಸೆಲ್ಲು ಬೇಡ. ಗಾಜಿನ ಕಣ್ಣಿಗೆ ಬೆಳಕು ಬಿದ್ದರೆ ಮುಳ್ಳು ತಾನೇ ಎದ್ದು, ಫೋಟೋಕ್ಕೆ ಎಷ್ಟು ಬೆಳಕಿದೆ ಎಂದು ತೋರಿಸುತ್ತದೆ. ಹೋದ ವರ್ಷ ಆ ಮುಳ್ಳು ಮಲಗಿಬಿಟ್ಟಿತು. “ಬಿಸಿಲಾಗ ಇಟ್ಟು ನಾನ ಕೆಡಿಸಿದೆ” ಎಂದು ಭಾವ ಕ್ಯಾಮೆರಾ ಮುಟ್ಟುವುದನ್ನೇ ಬಿಟ್ಟರು.

ನಾನು ಬಂಕಾಪುರದಲ್ಲಿ ಹಳೇ ಸಾಮಾನು ಕೊಂಡು, ರಿಪೇರಿ ಮಾಡಿ, ಮಾರಿ ಮೇಲೆ ಬಂದವನು. ಅವರ ಮನೆಗೆ ಹೋದಾಗ ಮೀಟರು ಕಂಡು ಬಾಯಿ ಸುಮ್ಮನಿರಲಿಲ್ಲ.

“ಭಾವಾ, ನನಗ ಕೊಟ್ಟುಬಿಡ್ರಿ. ಛಲೋ ರೇಟು ಹಾಕ್ತೇನಿ.”

“ನಿಮ್ಮಕ್ಕನ್ನೂ ತಕ್ಕಡ್ಯಾಗ ಇಡಾವ ನೀ. ರಿಪೇರಿ ಮಾಡ್ತಿದ್ರ ಮಾಡು, ಇಲ್ಲಾಂದ್ರ ಕೆಳಗಿಡು.”

ಬಿಳಿ ಧೋತರ ಹಾಸಿ ಕುಳಿತೆ. ನೀವೂ ಇಂಥದ್ದು ಬಿಚ್ಚುವವರಿದ್ದರೆ ಹೇಳಿರುತ್ತೇನೆ: ಸ್ಕ್ರೂಗಳನ್ನು ಬಿಚ್ಚಿದ ಸಾಲಿನಲ್ಲೇ ಇಡ್ರಿ, ಬಾಯಿಂದ ಊದಬ್ಯಾಡ್ರಿ. ಒಳಗಿನ ಸ್ಪ್ರಿಂಗು ಕೂದಲಿಗಿಂತ ಸಣ್ಣದು.

ಮುಳ್ಳಿನ ಬುಡದಲ್ಲಿ ಬೂದು ಬಣ್ಣದ ಗಟ್ಟಿಯೊಂದು ಕೂತಿತ್ತು. ಉಗುರಿನಿಂದ ತೆಗೆದು ಮೂಸಿದೆ. ವಿಭೂತಿ. ಪ್ರತಿ ಮಹಾನವಮಿಗೆ, ಕಸುಬಿನ ಸಾಮಾನಿಗೆ ಮಾಡುವ ಖಂಡೇಪೂಜೆಯಲ್ಲಿ ಅಕ್ಕ ಕ್ಯಾಮೆರಾ, ಕತ್ತರಿ, ಮೀಟರು ಎಲ್ಲಕ್ಕೂ ನೀರು ಬೆರೆಸಿದ ವಿಭೂತಿ ಎಳೆಯುತ್ತಿದ್ದಳು. ಮೀಟರಿನ ಹಣೆ ಅವಳ ಲೆಕ್ಕದಲ್ಲಿ ಆ ಗಾಜು. ವರ್ಷವರ್ಷವೂ ಅಂಚಿನಿಂದ ಒಂದಿಷ್ಟು ಒಳಗಿಳಿದಿತ್ತು.

ಚಹಾ ಹಿಡಿದು ಬಂದ ಅಕ್ಕ ನೋಡಿಬಿಟ್ಟಳು.

“ನಾ ಹಚ್ಚಿದ್ದೇನೋ ಅದು, ತಮ್ಮಾ?”

ಗಿರಾಕಿಯ ಎದುರು ಹತ್ತು ಸುಳ್ಳು ಹೇಳುವ ನಾನು ಅಕ್ಕನಿಗೆ ಹೌದೆಂದು ತಲೆಯಾಡಿಸಿದೆ. ಭಾವ ಕೇಳಿದರು:

“ಬಿಸಿಲಿಂದ ಕೆಟ್ಟಿದ್ದಲ್ಲ ಹಂಗಾರ?”

“ಅಲ್ರಿ.”

ಅವರು ಉಸಿರು ಬಿಟ್ಟು ಅಕ್ಕನ ಕಡೆ ತಿರುಗಿದರು. “ನನ್ನ ಹಣಿಗೆ ಒಂದು ದಿನಾನೂ ಇಷ್ಟು ವಿಭೂತಿ ಹಚ್ಚಲಿಲ್ಲಲ್ಲ ನೀ.”

“ಅದು ಸುಮ್ಮ ಕುಂದರತಿತ್ರಿ,” ಅಂದಳು ಅಕ್ಕ, ಕಣ್ಣೊರೆಸಿಕೊಳ್ಳುತ್ತ.

ಮೆತ್ತನೆ ಕುಂಚದಿಂದ ಉಳಿದದ್ದನ್ನು ಉದುರಿಸಿದೆ. ಒಳಗೆ ಕಿಲುಬು ಹಿಡಿದಿದ್ದ ತಗಡನ್ನು ರಬ್ಬರಿನಿಂದ ಉಜ್ಜಿ, ಮೀಟರನ್ನು ಮುಚ್ಚಿದೆ. ಭಾವ ಅದನ್ನು ಕಿಟಕಿಗೆ ಹಿಡಿಯಲಿಲ್ಲ, ಅಕ್ಕನ ಕೆನ್ನೆಯ ಹತ್ತಿರ ಒಯ್ದರು. ಮುಳ್ಳು ನಡುಗಿ, ಒಂಚೂರು ಎದ್ದಿತು.

“ಬೆಳಕು ಸಾಲವಲ್ದು. ಬಾಗಲಕಡೆ ಸರಿ,” ಅಂದರು ಭಾವ, ಕ್ಯಾಮೆರಾದ ಚೀಲಕ್ಕೆ ಕೈಹಾಕುತ್ತ.

ಈ ಸಲದ ಖಂಡೇಪೂಜೆಯಲ್ಲಿ ಅಕ್ಕ ಮೀಟರನ್ನು ಅದರ ಚರ್ಮದ ಚೀಲದೊಳಗೇ ಇಟ್ಟು, ಮೇಲೆ ವಿಭೂತಿ ಹಚ್ಚಿದಳು. ಒಣ ಬೆರಳಿನಿಂದ.