ಒಂದೇ ಕೈಗೆ ಒಗ್ಗುವ ಸ್ಟೌ

ಬೀಗದಣ್ಣನಿಗೆ ಹಟ ಜಾಸ್ತಿ ಎಂದು ಬೀದಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಪಾಪ, ಅವರಿಗೆ ಅವನ ಹೆಂಡತಿಯ ಹಟ ಗೊತ್ತಿರಲಿಲ್ಲ.

ಮೂವತ್ತು ವರ್ಷ ಆ ಬೆಟ್ಟದೂರಿನ ಬಸ್ ನಿಲ್ದಾಣದ ಎದುರಿನ ಗೂಡಂಗಡಿಯಲ್ಲಿ ಕೂತು ಬೀಗ ರಿಪೇರಿ ಮಾಡಿದವನು ಅವನು. ಚಳಿಗಾಲದ ಭಾನುವಾರ ಬಂತೆಂದರೆ ಗಾಳ ಹೆಗಲಿಗೇರಿಸಿ ಒಬ್ಬನೇ ಕೆರೆಗೆ ಹೊರಡುತ್ತಿದ್ದ. ಹೋದ ವರ್ಷ ಲಕ್ವ ಹೊಡೆಯಿತು. ಮಾತು ಬಂತು, ಕಾಲು ಸರಿಹೋಯಿತು, ಎಡಗೈ ಮಾತ್ರ ಜಪ್ಪಯ್ಯ ಅಂದರೂ ಏಳಲಿಲ್ಲ. ಆ ಕೈಗೆ ಚಳಿಯೇ ತಿಳಿಯುವುದಿಲ್ಲ, ಗಂಟೆಗೊಮ್ಮೆ ಬೆಚ್ಚನೆಯ ನೀರಿನ ಚೀಲ ಇಟ್ಟುಕೊಳ್ಳದಿದ್ದರೆ ಬೆರಳು ಕಳೆದುಕೊಳ್ಳುತ್ತೀರಿ ಎಂದರು ಡಾಕ್ಟರು. ಕೆರೆಯ ಅಂಚು ಹೆಪ್ಪುಗಟ್ಟುವ ಚಳಿಯಲ್ಲಿ ಫ್ಲಾಸ್ಕಿನ ನೀರು ಎರಡನೇ ಗಂಟೆಗೇ ತಣ್ಣಗಾಗುತ್ತಿತ್ತು. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ ಎಂದು ಹೆಂಡತಿ ಹೇಳಿದರೆ, ಅವರ ಹರಟೆ ಕೇಳಿ ಮೀನಿಗಿಂತ ಮೊದಲು ನಾನೇ ಓಡಿಹೋಗುತ್ತೇನೆ ಎನ್ನುತ್ತಿದ್ದ.

ಕೊನೆಗೆ ಅವಳು ಷರತ್ತು ಹಾಕಿದಳು. "ನನ್ನ ಕಣ್ಣೆದುರಿಗೇ ಒಂದೇ ಕೈಲಿ ಸ್ಟೌ ಹಚ್ಚಿ ನೀರು ಕಾಯಿಸಿ ತೋರಿಸಿ. ಆಮೇಲೆ ಒಬ್ರೇ ಹೋಗಿ. ಆಗ್ಲಿಲ್ವಾ, ಗಾಳ ಅಟ್ಟಕ್ಕೆ."

ಸ್ಟೌ ಕೊಳ್ಳಲು ಪೇಟೆಗೆ ಹೋದರೆ, ಅಂಗಡಿಯವನು ಅಂಗೈಯಗಲದ ಗ್ಯಾಸ್ ಸ್ಟೌ ತೋರಿಸಿ ಹೊಗಳಿದ್ದೇ ಹೊಗಳಿದ್ದು. ಚಳಿಗೆ ತಡೆಯುತ್ತದೋ ನೋಡೋಣವೆಂದು ಬೀಗದಣ್ಣ ಒಂದು ಬಟ್ಟಲು ಐಸ್ ತರಿಸಿ, ಸ್ಟೌವಿನ ಪುಟ್ಟ ಸಿಲಿಂಡರನ್ನು ಅದರೊಳಗೆ ಕೂರಿಸಿದ. ಸ್ವಲ್ಪ ಹೊತ್ತಿಗೆ ಉರಿ ಬಡಕಲಾಯಿತು. ಮೇಲಾಗಿ ಸಿಲಿಂಡರ್ ತಿರುಗಿಸಿ ಕೂರಿಸಲು ಎರಡು ಕೈ ಬೇಕು. ಫ್ಯಾನ್ ಹಾಕಿಸಿ ನೋಡಿದರೆ, ಸ್ಪಿರಿಟ್ ಸ್ಟೌ ಆ ಗಾಳಿಗೇ ನಂದಿತು. ಉಳಿದದ್ದು ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿದ್ದ ಹಿತ್ತಾಳೆಯ ಸೀಮೆಎಣ್ಣೆ ಪಂಪ್ ಸ್ಟೌ. ಇದು ಯಾವ ಚಳಿಗೂ ಜಗ್ಗುವುದಿಲ್ಲ, ಆದರೆ ಒಂದು ಕೈ ಸ್ಟೌ ಹಿಡಿಯಬೇಕು, ಇನ್ನೊಂದು ಪಂಪ್ ಹೊಡೆಯಬೇಕು, ನಿಮ್ಮಿಂದ ಆಗದು ಎಂದ ಅಂಗಡಿಯವನು. ಅಷ್ಟು ಸಾಕಾಯಿತು. ಬೀಗದಣ್ಣ ಅದನ್ನೇ ಕಟ್ಟಿಸಿಕೊಂಡ.

ಜೀವಮಾನವಿಡೀ ಅವನಿಗೆ ಬೀಗ ಹಿಡಿದುಕೊಟ್ಟಿದ್ದು ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳ, ಕೈಯಲ್ಲ. ಆ ಲೆಕ್ಕದಲ್ಲೇ ಸ್ಟೌವನ್ನು ಒಂದು ಹಲಗೆಗೆ ಸ್ಕ್ರೂ ಹಾಕಿ ಬಿಗಿದ. ಮೊಣಕಾಲೂರಿದರೆ ಹಲಗೆ ಮಿಸುಕದು. ಬೆಂಕಿಪೊಟ್ಟಣ ಕೂರಲು ಅದರಲ್ಲೇ ಒಂದು ಗುಳಿ ಕೊರೆದ.

ಮರುದಿನ ಬೆಳಿಗ್ಗೆ, ಹಿತ್ತಲು ಬಿಳಿಗಟ್ಟಿದ್ದಾಗ, ಪರೀಕ್ಷೆ ಶುರುವಾಯಿತು. ಹೆಂಡತಿ ಮೆಟ್ಟಿಲ ಬಳಿ ಕೈ ಕಟ್ಟಿ ನಿಂತಳು. ಮೊದಲ ಮೂರು ಕಡ್ಡಿ ಮುರಿದವು. ನಾಲ್ಕನೆಯದು ಹೊತ್ತಿತು. ಬರ್ನರಿನ ಬುಡದ ಪುಟ್ಟ ಬಟ್ಟಲಲ್ಲಿ ಹಾಕಿದ ಸ್ಪಿರಿಟ್ ಉರಿದು ಬರ್ನರ್ ಕಾಯುವ ತನಕ ತಡೆಯಬೇಕಿತ್ತು. ಅವನು ಆತುರಪಟ್ಟು ಪಂಪ್ ಹೊಡೆದ, ಹಳದಿ ಜ್ವಾಲೆ ಮೊಣಕೈಯುದ್ದ ಎದ್ದಿತು. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಮುಟ್ಬೇಡ ಕಣೇ," ಎಂದ ಅವನು, ತಿರುಗಿಯೂ ನೋಡದೆ.

ಅವಳು ಹಿಂದೆ ಸರಿದಳು. ಅವನು ಹೆಬ್ಬೆರಳಲ್ಲಿ ತಿರುಪು ಸಡಿಲಿಸಿ ಟ್ಯಾಂಕಿನ ಗಾಳಿ ಬಿಟ್ಟು ಬೆಂಕಿ ಇಳಿಸಿ, ಎಲ್ಲವನ್ನೂ ಮೊದಲಿನಿಂದ ಶುರುಮಾಡಿದ. ಪಾತ್ರೆ ಜಾರಿ ಅರ್ಧ ನೀರು ಚೆಲ್ಲಿತು, ಮತ್ತೆ ತುಂಬಿಕೊಂಡು ಬಂದ. ಮುಕ್ಕಾಲು ಗಂಟೆಯೇ ಹಿಡಿಯಿತು. ಕಡೆಗೂ ನೀಲಿ ಉರಿ ಭರ್ರೆಂದು ನಿಂತು, ನೀರು ಮರಳಿತು. ಚಹಾಪುಡಿ, ಸಕ್ಕರೆ ಹಾಕಿ ಇಳಿಸಿ, ಲೋಟಕ್ಕೆ ಬಗ್ಗಿಸಿ, ಗೆದ್ದ ಮುಖ ಹೊತ್ತು ಅವಳ ಮುಂದೆ ಹಿಡಿದ.

ಅವಳು ಲೋಟ ತೆಗೆದುಕೊಳ್ಳಲಿಲ್ಲ. ಇವಳಿಗೆ ಇನ್ನೂ ಸಿಟ್ಟೇ ಎಂದುಕೊಂಡು ಅವನು ಮುಖ ಸಣ್ಣಗೆ ಮಾಡಿಕೊಂಡ. ಆಗ ಅವಳು ಸೆರಗಿನೊಳಗಿಂದ ಕೈ ಹೊರತೆಗೆದಳು. ಎಲ್ಲಿ ಸಹಾಯಕ್ಕೆ ಹೋಗಿಬಿಡುತ್ತವೋ ಎಂದು ಅಷ್ಟು ಹೊತ್ತೂ ಎರಡೂ ಕೈಯನ್ನು ಸೀರೆ ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಿದ್ದಳು. ಆ ಬಿಗಿತಕ್ಕೂ ಚಳಿಗೂ ಬೆರಳೆಲ್ಲ ಮರಗಟ್ಟಿ ಲೋಟ ಹಿಡಿಯಲು ಬಾರದಾಗಿತ್ತು.

ಅವನು ಊದಿ ಊದಿ ಆರಿಸಿ, ಲೋಟವನ್ನು ಅವಳ ತುಟಿಗೆ ತಾನೇ ಹಿಡಿದ.

ಎರಡು ಗುಟುಕು ಕುಡಿದು ಅವಳು ಹೇಳಿದಳು, "ಸಕ್ಕರೆ ಕಮ್ಮಿ. ಭಾನುವಾರ ಹೋಗಿ ಬನ್ನಿ."